ಹಳೆಯ ಹೀರೋನನ್ನು ಮರಳಿ ಕರೆಸುವ ಮುನ್ನ: ಫುಟ್‌ಬಾಲ್ ಕ್ಲಬ್‌ಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಟ್ರಾನ್ಸ್‌ಫರ್ ವಿಂಡೋ, ಅಂದರೆ ಆಟಗಾರರು ಕ್ಲಬ್ ಬದಲಿಸಬಹುದಾದ ಅವಧಿ, ತೆರೆಯಿತೆಂದರೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಿಂದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಗ್ಯಾಲರಿಯವರೆಗೆ ಒಂದೇ ಮಾತು: ‘ಅವನನ್ನ ಬಿಟ್ಟಿದ್ದೇ ತಪ್ಪು, ವಾಪಸ್ ಕರ್ಕೊಂಡ್ ಬನ್ನಿ.’ ಆ ‘ಅವನು’ ಯಾರೆಂಬುದು ವರ್ಷ ವರ್ಷ ಬದಲಾಗುತ್ತದೆ, ಮಾತು ಮಾತ್ರ ಅದೇ. ಕ್ಲಬ್ಬಿನ ಕಮಿಟಿಯವರೂ ಸಾಮಾನ್ಯವಾಗಿ ಇದನ್ನೇ ಹಿಡಿದು ಚರ್ಚೆಗೆ ಕೂರುತ್ತಾರೆ: ಬೇಕೋ, ಬೇಡವೋ. ಎಡವಟ್ಟಾಗುವುದೇ ಅಲ್ಲಿ. ಬೇಕು-ಬೇಡ ಎಂದು ಕೇಳಿದರೆ ಪ್ರೀತಿ ಮೊದಲು ಕೈ ಎತ್ತಿಬಿಡುತ್ತದೆ, ಲೆಕ್ಕ ಹಿಂದೆ ಉಳಿಯುತ್ತದೆ.

ನಿಜಕ್ಕೂ ಕ್ಲಬ್ಬಿನ ಮುಂದೆ ಇರುವುದು ಎರಡಲ್ಲ, ಐದು ದಾರಿ. ಎರಡು-ಮೂರು ವರ್ಷದ ಪೂರ್ಣ ಒಪ್ಪಂದ. ಆರು ತಿಂಗಳ ಅಥವಾ ಒಂದು ಸೀಸನ್ನಿನ ಚಿಕ್ಕ ಒಪ್ಪಂದ. ಅವನು ಈಗಿರುವ ಕ್ಲಬ್ಬಿನಿಂದ ಲೋನ್, ಅಂದರೆ ಸ್ವಲ್ಪ ಕಾಲಕ್ಕೆ ಎರವಲು. ಮೈದಾನದ ಹೊರಗಿನ ಕೆಲಸ. ಇಲ್ಲವೇ ಅವನಿಗೆ ಕೈಮುಗಿದು ಅದೇ ದುಡ್ಡನ್ನು ಇನ್ನೊಬ್ಬನ ಮೇಲೆ ಹಾಕುವುದು. ಒಬ್ಬನೇ ಆಟಗಾರ ಒಂದು ದಾರಿಯಲ್ಲಿ ಬಂದರೆ ಲಾಭ, ಇನ್ನೊಂದರಲ್ಲಿ ಬಂದರೆ ಬಿಸಿತುಪ್ಪ. ಹೋಲಿಕೆ ಮಾಡುವಾಗ ಅವನನ್ನು ಅವನ ಹಿಂದಿನ ಆಟದ ಜತೆ ಹೋಲಿಸುವುದೂ ದಂಡ. ಅದೇ ಜಾಗಕ್ಕೆ, ಅದೇ ದುಡ್ಡಿಗೆ ಇವತ್ತು ಸಿಗುವ ಇನ್ನೊಬ್ಬನ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು.

ಮೊದಲು ಖಾಲಿ ಜಾಗ, ಆಮೇಲೆ ಹೆಸರು

ಕೋಚ್ ಕೈಗೆ ಒಂದು ಹಾಳೆ ಕೊಟ್ಟು, ಯಾರ ಹೆಸರನ್ನೂ ಎತ್ತದೆ, ಮುಂದಿನ ಸೀಸನ್ನಿಗೆ ತಂಡದಲ್ಲಿ ಎಲ್ಲಿ ಆಳು ಕಡಿಮೆ ಇದೆ ಎಂದು ಬರೆಸಿ. ಎಡಗಾಲಿನ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ನಿಲ್ಲುವವನು), ಬೆಂಚಿನಿಂದ ಬಂದು ಕೊನೆಯ 20 ನಿಮಿಷ ಆಡಬಲ್ಲ ಸ್ಟ್ರೈಕರ್, ಹೀಗೆ ಕೆಲಸವನ್ನೇ ಬರೆಸಬೇಕು. ಆ ಪಟ್ಟಿಯಲ್ಲಿ ಹಳೆಯ ಆಟಗಾರನ ಜಾಗ ಬರಲಿಲ್ಲವೆಂದರೆ ಮೊದಲ ಮೂರು ದಾರಿ ಅಲ್ಲಿಗೇ ಮುಚ್ಚಿದವು. ಹೆಸರು ಮೊದಲು ಬಂದರೆ ಏನಾಗುತ್ತದೆಂದರೆ, ಕೋಚ್ ಅವನಿಗಾಗಿ ಜಾಗ ಹುಟ್ಟಿಸುತ್ತಾನೆ.

2012ರ ಜನವರಿಯಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ತನ್ನ ಹಳೆಯ ಹೀರೋ ಥಿಯರಿ ಆನ್ರಿಯನ್ನು ನ್ಯೂಯಾರ್ಕ್ ರೆಡ್ ಬುಲ್ಸ್‌ನಿಂದ ಎರಡು ತಿಂಗಳ ಲೋನ್ ಮೇಲೆ ಕರೆತಂದದ್ದು ಖಾಲಿ ಜಾಗ ನೋಡಿ ಮಾಡಿದ ಕೆಲಸ. ತಂಡದ ಮುಂದಿನ ಸಾಲಿನ ಜೆರ್ವಿನ್ಯೊ, ಶಮಾಖ್ ಇಬ್ಬರೂ ಆಫ್ರಿಕಾ ಕಪ್ಪಿಗೆ ಹೊರಟಿದ್ದರು, ಅಮೆರಿಕದ ಲೀಗಿಗೆ ಅದು ರಜೆಯ ಕಾಲ. ಆನ್ರಿ ಆಡಿದ್ದು 7 ಪಂದ್ಯ, ಹೊಡೆದದ್ದು 2 ಗೋಲು: ಎಫ್‌ಎ ಕಪ್ಪಿನಲ್ಲಿ ಲೀಡ್ಸ್ ವಿರುದ್ಧ ಒಂದು, ಲೀಗಿನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಗೆಲುವು ತಂದದ್ದು ಇನ್ನೊಂದು. ಅಷ್ಟು ಮಾಡಿ ಹೊರಟ.

ಕ್ರಿಸ್ಟಿಯಾನೊ ರೊನಾಲ್ಡೊ 2021ರಲ್ಲಿ 36ನೇ ವಯಸ್ಸಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮರಳಿದ್ದು ಇದಕ್ಕೆ ಪೂರಾ ಉಲ್ಟಾ. ಅವನು ಸೋತ ಎನ್ನುವಂತಿಲ್ಲ. ಆ ಸೀಸನ್ನಿನಲ್ಲಿ ಒಟ್ಟು 24 ಗೋಲು, ಅದರಲ್ಲಿ ಲೀಗಿನದೇ 18. ಆದರೆ ಹಿಂದಿನ ಸೀಸನ್ನಿನಲ್ಲಿ 73 ಗೋಲು ಹೊಡೆದು ಎರಡನೇ ಸ್ಥಾನದಲ್ಲಿದ್ದ ತಂಡ ಅವನು ಬಂದ ಮೇಲೆ 57 ಗೋಲು, 58 ಅಂಕದೊಂದಿಗೆ ಆರನೇ ಸ್ಥಾನಕ್ಕೆ ಇಳಿಯಿತು. ಒಬ್ಬ 18 ತಂದ, ತಂಡದ ಲೆಕ್ಕದಲ್ಲಿ 16 ಕಡಿಮೆಯಾಯಿತು. ಪೂರ್ತಿ ತಪ್ಪು ಅವನ ತಲೆಗೆ ಕಟ್ಟುವುದು ಅನ್ಯಾಯ, ಡಿಫೆನ್ಸ್‌ನಲ್ಲೂ ಬಿರುಕಿತ್ತು, ಕೋಚ್‌ಗಳೂ ಬದಲಾದರು. ಆದರೂ ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ಓಡಿ ಒತ್ತಬೇಕಾದ ಜಾಗದಲ್ಲಿ ಬಾಕ್ಸಿನೊಳಗೆ ಚೆಂಡಿಗಾಗಿ ಕಾಯುವವನು ನಿಂತರೆ ಉಳಿದ ಹತ್ತು ಜನರ ಕೆಲಸ ಬದಲಾಗುತ್ತದೆ. ಗೋಲಿನ ಪಟ್ಟಿಯಲ್ಲಿ ಇದು ಕಾಣಿಸುವುದಿಲ್ಲ.

ನೆನಪಿನ ವಯಸ್ಸು ಬೇರೆ, ಆಧಾರ್ ಕಾರ್ಡಿನ ವಯಸ್ಸು ಬೇರೆ

ಜನರ ಕಣ್ಣಲ್ಲಿರುವವನು 26ರ ಹುಡುಗ, ವಿಮಾನ ಇಳಿದು ಬರುವವನು 32ರವನು. ಆ ಆರು ವರ್ಷ ಎಲ್ಲ ಜಾಗಕ್ಕೂ ಒಂದೇ ಥರ ಪೆಟ್ಟು ಕೊಡುವುದಿಲ್ಲ. ಮೊದಲು ಇಳಿಯುವುದು ವೇಗ. ಅದಕ್ಕಿಂತ ಮುಖ್ಯವಾಗಿ, ಒಂದು ಸ್ಪ್ರಿಂಟ್ ಆದ ಮೇಲೆ ಇನ್ನೊಂದಕ್ಕೆ ದೇಹ ಸಿದ್ಧವಾಗಲು ಹಿಡಿಯುವ ಸಮಯ ಜಾಸ್ತಿಯಾಗುತ್ತದೆ. ಹಾಗಾಗಿ ವಿಂಗರ್ ಮತ್ತು ಸೈಡ್ ಬ್ಯಾಕ್‌ಗಳು ಬೇಗ ಸವೆಯುತ್ತಾರೆ. ಡಿಫೆನ್ಸ್ ಹಿಂದಿನ ಖಾಲಿ ಜಾಗಕ್ಕೆ ನುಗ್ಗಿ ಗೋಲು ಹೊಡೆಯುವ ಸ್ಟ್ರೈಕರ್‌ನ ಪಾಡೂ ಅದೇ. ಆಟ ಓದಿ ಮೊದಲೇ ಜಾಗಕ್ಕೆ ಹೋಗಿ ನಿಲ್ಲುವ ಸೆಂಟರ್ ಬ್ಯಾಕ್, ಡಿಫೆನ್ಸಿವ್ ಮಿಡ್‌ಫೀಲ್ಡರ್, ಗೋಲ್‌ಕೀಪರ್ ಹೆಚ್ಚು ಕಾಲ ತಾಳುತ್ತಾರೆ.

ಆಂಡ್ರಿ ಶೆವ್ಚೆಂಕೊ 2004ರಲ್ಲಿ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ’ಓರ್ ಗೆದ್ದ ಸ್ಟ್ರೈಕರ್, ಮಿಲಾನ್ ಜನರ ಕಣ್ಮಣಿ. 2008ರಲ್ಲಿ ಚೆಲ್ಸಿಯಿಂದ ಲೋನ್ ಮೇಲೆ ಮಿಲಾನ್‌ಗೆ ಮರಳಿ ಇಡೀ ಸೀಸನ್ ಆಡಿದರೂ ಇಟಲಿಯ ಲೀಗಿನಲ್ಲಿ ಒಂದೇ ಒಂದು ಗೋಲು ಬರಲಿಲ್ಲ. ಮ್ಯಾಟ್ಸ್ ಹುಮ್ಮೆಲ್ಸ್ ಸೆಂಟರ್ ಬ್ಯಾಕ್. 2016ರಲ್ಲಿ ಡಾರ್ಟ್‌ಮಂಡ್ ಬಿಟ್ಟು ಬಯೆರ್ನ್ ಸೇರಿ, 2019ರಲ್ಲಿ ಮರಳಿ, 2024ರಲ್ಲಿ 35ನೇ ವಯಸ್ಸಿಗೆ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಪಿಎಸ್‌ಜಿ ವಿರುದ್ಧ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದ. ಇಬ್ಬರ ಜಾಗ ಬೇರೆ, ಕಥೆಯೂ ಬೇರೆಯಾಯಿತು.

ನಮ್ಮೂರಲ್ಲೇ ಇದಕ್ಕೆ ಸಾಕ್ಷಿ ರಾಹುಲ್ ಭೆಕೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಂದ ಒಂದೇ ಗೋಲು ಇವರದು. ಬೆಂಗಳೂರು ಎಫ್‌ಸಿಗೆ ಟ್ರೋಫಿ ಬಂದದ್ದು ಅದರಿಂದಲೇ. 2021ರಲ್ಲಿ ಮುಂಬೈ ಸಿಟಿಗೆ ಹೋಗಿ, 2024ರಲ್ಲಿ 33ನೇ ವಯಸ್ಸಿನಲ್ಲಿ ಮರಳಿದರು. ಹೆಸರಿಗೆ ನೋಡಿದರೆ ಭಾವುಕ ಸೈನಿಂಗ್. ಆದರೆ ಭೆಕೆ ಡಿಫೆಂಡರ್, ಮುಂಬೈನಲ್ಲಿ ಸೀಸನ್ ಪೂರ್ತಿ ಆಡುತ್ತಿದ್ದವರು, ಆ ವರ್ಷ ಐಎಸ್‌ಎಲ್ ಕಪ್ ಎತ್ತಿದ ತಂಡದ ನಾಯಕ. 2023-24ರಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದಿದ್ದ ಬೆಂಗಳೂರಿಗೆ ಬೇಕಿದ್ದುದೂ ಅಂಥ ಒಬ್ಬ ಡಿಫೆಂಡರೇ. ಮುಂದಿನ ಸೀಸನ್ನಿನಲ್ಲಿ ತಂಡ ಮೂರನೇ ಸ್ಥಾನಕ್ಕೇರಿ ಫೈನಲ್ ಮುಟ್ಟಿತು, ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು 2-1ರಿಂದ ಸೋತಿತು. ಒಬ್ಬನಿಂದ ಆದದ್ದಲ್ಲ ಅದು. ಆದರೂ ಮರಳಿ ಕರೆಸುವಾಗ ಏನೇನು ಕೂಡಿಬರಬೇಕು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಸುನಿಲ್ ಛೆಟ್ರಿಯ ರಾಷ್ಟ್ರೀಯ ತಂಡದ ಮರಳುವಿಕೆಯನ್ನೂ ಈ ಕಣ್ಣಿನಿಂದ ನೋಡಬೇಕು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದ್ದವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆದದ್ದು ಹೆಸರಿಗಲ್ಲ, ಆ ಸೀಸನ್ನಿನ ಆಟಕ್ಕೆ. 40 ತುಂಬಿದ ಮೇಲೂ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದಿದ್ದರು, ಐಎಸ್‌ಎಲ್‌ನಲ್ಲಿ ಆ ಸೀಸನ್ 14 ಗೋಲು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧದ ಮರಳುವ ಪಂದ್ಯದಲ್ಲೂ ಗೋಲು ಬಂತು. ಆದರೆ ಕೆಲವೇ ದಿನದಲ್ಲಿ ಅದೇ ಮೈದಾನದಲ್ಲಿ ಬಾಂಗ್ಲಾದೇಶ ವಿರುದ್ಧ 0-0, ಮುಂದೆ 2027ರ ಏಷ್ಯನ್ ಕಪ್ಪಿನ ಅರ್ಹತೆಯೇ ತಪ್ಪಿತು. ಛೆಟ್ರಿ ಆಡಬಲ್ಲರು ಎಂಬುದು ನಿಜ. ಅವರಾದ ಮೇಲೆ ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆಗೆ ಅವರ ಆಟವೇ ಉತ್ತರವಾಗಲು ಸಾಧ್ಯವಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ಏನನ್ನು ಪರೀಕ್ಷಿಸಬೇಕು? ಎಷ್ಟು ಪಂದ್ಯ ಆಡಿದ ಎಂದು ಕೇಳಬೇಡಿ, ಕೊನೆಯ ಎರಡು ಸೀಸನ್ನಿನಲ್ಲಿ ಎಷ್ಟು ನಿಮಿಷ ಆಡಿದ ಎಂದು ಕೇಳಿ. 85ನೇ ನಿಮಿಷಕ್ಕೆ ಇಳಿದರೂ ಪಟ್ಟಿಯಲ್ಲಿ ಅದು ಒಂದು ಪಂದ್ಯವೇ. ಗಾಯದ ದಾಖಲೆ ನೋಡುವಾಗ ಮೂಳೆ ಮುರಿತಕ್ಕೆ ಅಷ್ಟು ಹೆದರಬೇಕಿಲ್ಲ, ಒಂದೇ ಕಾಲಿನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎರಡು-ಮೂರು ಸಲ ಹರಿದಿದ್ದರೆ ಹೆದರಿ. ಹಿಂದೆ ಆದ ಹ್ಯಾಮ್‌ಸ್ಟ್ರಿಂಗ್ ಗಾಯವೇ ಮುಂದಿನದಕ್ಕೆ ದೊಡ್ಡ ಮುನ್ಸೂಚನೆ. ವಿಡಿಯೋ ನೋಡುವುದಾದರೆ ಏಜೆಂಟ್ ಕಳಿಸಿದ ಮೂರು ನಿಮಿಷದ ಹೈಲೈಟ್ಸ್ ಬದಿಗಿಟ್ಟು, ಕೊನೆಯ ಹತ್ತು ಪಂದ್ಯಗಳನ್ನು ಪೂರ್ತಿ ಹಾಕಿ, ಅದರಲ್ಲೂ ಚೆಂಡು ಅವನ ಕಾಲಲ್ಲಿ ಇಲ್ಲದಿರುವಾಗ ಏನು ಮಾಡುತ್ತಾನೆ ನೋಡಿ. ತಂಡ ಚೆಂಡು ಕಳೆದುಕೊಂಡ ಕ್ಷಣದಲ್ಲಿ ತಿರುಗಿ ಓಡುತ್ತಾನೋ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೋ? 70ನೇ ನಿಮಿಷದ ನಂತರವೂ ಹಾಗೆಯೇ ಓಡುತ್ತಾನೋ? ಈಗಿನ ಕ್ಲಬ್ ಜಿಪಿಎಸ್ ವೆಸ್ಟ್ ಬಳಸುತ್ತಿದ್ದರೆ ಒಟ್ಟು ಓಟದ ದೂರಕ್ಕಿಂತ ಅತಿ ವೇಗದಲ್ಲಿ ಓಡಿದ ದೂರವನ್ನು ಕೇಳಿ ಪಡೆಯಿರಿ. ನಿಧಾನಕ್ಕೆ ಜಾಗ್ ಮಾಡಿದರೂ ಹತ್ತು ಕಿಲೋಮೀಟರ್ ಆಗುತ್ತದೆ.

ಬೆಂಗಳೂರಿನ ಕ್ಲಬ್ಬುಗಳಿಗೆ ಇನ್ನೊಂದು ವಿಚಾರ: ಮೈದಾನ. ಕಂಠೀರವದಲ್ಲಿರುವುದು ಸಹಜ ಹುಲ್ಲು, ಅಶೋಕನಗರದಲ್ಲಿರುವುದು ಕೃತಕ ಟರ್ಫ್. ಮೊಣಕಾಲು, ಹಿಮ್ಮಡಿ ನೋವಿನ ಇತಿಹಾಸ ಇರುವ 33ರ ಆಟಗಾರನಿಗೆ ವಾರಕ್ಕೆ ಎರಡು ಸಲ ಟರ್ಫ್ ಮೇಲೆ ಆಡುವುದು ಹುಲ್ಲಿನ ಮೇಲೆ ಆಡಿದಂತಲ್ಲ. ಅಶೋಕನಗರದಲ್ಲಿ ಆಡುವ ಸೂಪರ್ ಡಿವಿಷನ್ (ಬೆಂಗಳೂರಿನ ಸ್ಥಳೀಯ ಲೀಗ್) ಕ್ಲಬ್ಬುಗಳು ಇದನ್ನು ಫಿಸಿಯೋ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ನಿಮಿಷಕ್ಕೆ ಎಷ್ಟು ಬಿತ್ತು?

13 ತಂಡಗಳಿದ್ದ 2024-25ರ ಐಎಸ್‌ಎಲ್‌ನಲ್ಲಿ ಲೀಗ್ ಹಂತಕ್ಕೆ ಒಂದು ತಂಡಕ್ಕೆ 24 ಪಂದ್ಯ, ಅಂದರೆ 2,160 ನಿಮಿಷ. ಲೆಕ್ಕಕ್ಕೆಂದು ಅದನ್ನೇ ಇಟ್ಟುಕೊಳ್ಳೋಣ. ಹಳೆಯ ಆಟಗಾರ ವರ್ಷಕ್ಕೆ 60 ಲಕ್ಷ ಕೇಳುತ್ತಾನೆ, ಕೊನೆಯ ಎರಡು ಸೀಸನ್ನಿನ ಸರಾಸರಿ 1,200 ನಿಮಿಷ. ನಿಮಿಷಕ್ಕೆ 5,000 ರೂಪಾಯಿ. ಅದೇ ಜಾಗಕ್ಕೆ ಸಿಗುವ 25ರ ಇನ್ನೊಬ್ಬ 45 ಲಕ್ಷ ಕೇಳುತ್ತಾನೆ, ಅವನ ಸರಾಸರಿ 1,800 ನಿಮಿಷ. ನಿಮಿಷಕ್ಕೆ 2,500. ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಮೊದಲನೆಯವನು ಆಡದ 960 ನಿಮಿಷಕ್ಕೆ ಬೇರೆ ಯಾರಾದರೂ ಬೇಕಲ್ಲ? ಎರಡನೆಯವನ ಲೆಕ್ಕದಲ್ಲಿ ಆ ಕೊರತೆ ಬರೀ 360 ನಿಮಿಷ. ಬದಲಿ ಆಟಗಾರನ ಸಂಬಳದ ಒಂದು ಪಾಲನ್ನು ಹಳೆಯ ಆಟಗಾರನ ಖಾತೆಗೇ ಬರೆಯಬೇಕು.

ಎರಡು ಪಟ್ಟು ಬೆಲೆ ಕೊಡುವುದು ತಪ್ಪೆಂದಲ್ಲ. ಆ ಹೆಚ್ಚಿನ ದುಡ್ಡಿಗೆ ಏನು ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಇಡಿ. ‘ಅನುಭವ’ ಎಂದಷ್ಟೇ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ‘ಸೆಟ್‌ಪೀಸ್ (ಫ್ರೀಕಿಕ್, ಕಾರ್ನರ್) ಒದೆಯುವವನು ನಮ್ಮಲ್ಲಿಲ್ಲ, ಇವನು ಒದೆಯುತ್ತಾನೆ’ ಎಂದು ಬರೆದರೆ ಸೀಸನ್ ಮುಗಿದ ಮೇಲೆ ತಾಳೆ ನೋಡಬಹುದು.

ಟಿಕೆಟ್ ಮತ್ತು ಜೆರ್ಸಿಯ ವಾದವನ್ನು ಈ ಖಾತೆಗೆ ಬೆರೆಸಬಾರದು. ಅಭಿಮಾನದಿಂದ ದುಡ್ಡು ಬರುವುದು ನಿಜ, ಅದಕ್ಕೆ ಬೇರೆ ಪುಸ್ತಕ ಇಡಿ. ತವರಿನ ಮೊದಲ ಪಂದ್ಯಕ್ಕೆ ಗ್ಯಾಲರಿ ತುಂಬುವುದನ್ನು ನೋಡಿ ಮರುಳಾಗಬೇಡಿ. ತವರಿನ ಐದನೇ ಪಂದ್ಯಕ್ಕೆ, ಅದೂ ವಾರದ ನಡುವಿನ ದಿನ, ಎಷ್ಟು ಜನ ಬಂದರು ನೋಡಿ. ಜೆರ್ಸಿಯಲ್ಲಂತೂ ಸಾಮಾನ್ಯವಾಗಿ ಕಿಟ್ ಕಂಪನಿ, ಅಂಗಡಿ ಎಲ್ಲರ ಪಾಲು ಕಳೆದು ಕ್ಲಬ್ ಕೈಗೆ ಬರುವುದು ಚೂರು. ‘ಜೆರ್ಸಿ ಮಾರಾಟದಲ್ಲೇ ಸಂಬಳ ಹುಟ್ಟುತ್ತದೆ’ ಎಂದು ಯಾರಾದರೂ ಹೇಳಿದರೆ ಕಾಫಿ ಕೊಟ್ಟು ಕಳಿಸಿ.

ಪೂರ್ಣ ಒಪ್ಪಂದ

ಫಿಫಾ ನಿಯಮದಂತೆ ಒಪ್ಪಂದ ಹೆಚ್ಚೆಂದರೆ ಐದು ವರ್ಷ, ಕಡಿಮೆಯೆಂದರೆ ಜಾರಿಗೆ ಬಂದ ದಿನದಿಂದ ಆ ಸೀಸನ್ನಿನ ಕೊನೆಯವರೆಗೆ. ಮರಳುವ ಆಟಗಾರನಿಗೆ ಎರಡು ವರ್ಷಕ್ಕಿಂತ ಹೆಚ್ಚು ಕೊಡಬೇಕಾದರೆ ಅವನಿಗೆ 29 ದಾಟಿರಬಾರದು, ಇಲ್ಲವೇ ಅವನು ಸೆಂಟರ್ ಬ್ಯಾಕ್ ಅಥವಾ ಗೋಲ್‌ಕೀಪರ್ ಆಗಿರಬೇಕು. ಇದು ನಮ್ಮ ಅಳತೆ, ಕಲ್ಲಿನ ಮೇಲೆ ಕೆತ್ತಿದ್ದಲ್ಲ.

ಇಲ್ಲಿ ಕೈ ಸುಡುವುದು ಸಂಬಳದ ಸಾಲಿನಲ್ಲಿ. ಹೋಗುವಾಗ ಪಡೆಯುತ್ತಿದ್ದುದಕ್ಕಿಂತ ಕಡಿಮೆಗೆ ಬರಲು ಸುಲಭಕ್ಕೆ ಯಾರೂ ಒಪ್ಪುವುದಿಲ್ಲ. ಅವನಿಗೆ ಕೊಟ್ಟದ್ದನ್ನು ನೋಡಿ ಈಗ ತಂಡದಲ್ಲಿ ಅವನಿಗಿಂತ ಚೆನ್ನಾಗಿ ಆಡುತ್ತಿರುವ ಮೂವರು ಮುಂದಿನ ವಿಂಡೋದಲ್ಲಿ ಬಂದು ಬಾಗಿಲು ತಟ್ಟುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ. ಬಿಟ್ಟುಕೊಟ್ಟವನನ್ನು ಕೊಳ್ಳುವ ಬೆಲೆಯೂ ಇದೆ: ಪಾಲ್ ಪೋಗ್ಬಾ 2012ರಲ್ಲಿ ಒಪ್ಪಂದ ಮುಗಿಸಿ ಯುನೈಟೆಡ್ ಬಿಟ್ಟು ಹೋದ, 2016ರಲ್ಲಿ ಅದೇ ಕ್ಲಬ್ 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದಿತು, 2022ರಲ್ಲಿ ಮತ್ತೆ ಬಿಡಿಗಾಸು ಇಲ್ಲದೆ ಹೋದ. ಮರಳಿ ತರುವ ಆಟಗಾರನಿಗೆ ಮುಂದೆ ಮಾರಾಟದ ಬೆಲೆ ಉಳಿದಿದೆಯೇ ಎಂಬುದನ್ನು ಈ ದಾರಿಯಲ್ಲಿ ನೋಡಲೇಬೇಕು. 31 ದಾಟಿದವನಿಗೆ ಸೊನ್ನೆ ಎಂದೇ ಹಿಡಿಯಿರಿ.

ಚಿಕ್ಕ ಒಪ್ಪಂದ

ಹೆಚ್ಚಿನ ಕ್ಲಬ್ಬುಗಳಿಗೆ ಸರಿ ಹೊಂದುವುದು ಇದೇ. 2014ರಲ್ಲಿ ಡಿಡಿಯೆ ದ್ರೋಗ್ಬಾ 36ನೇ ವಯಸ್ಸಿಗೆ ಚೆಲ್ಸಿಗೆ ಬಂದದ್ದು ಒಂದು ವರ್ಷಕ್ಕೆ. ಮುಖ್ಯ ಸ್ಟ್ರೈಕರ್ ಡಿಯೆಗೊ ಕೋಸ್ಟಾ ಎಂಬುದು ಮೊದಲ ದಿನದಿಂದ ಎಲ್ಲರಿಗೂ ಗೊತ್ತಿತ್ತು. ದ್ರೋಗ್ಬಾ ಲೀಗಿನಲ್ಲಿ ಹೊಡೆದದ್ದು 4 ಗೋಲು ಮಾತ್ರ, ಹೆಚ್ಚಾಗಿ ಬೆಂಚಿನಿಂದ ಬಂದವನು. ಆದರೂ ಯಾರೂ ಅದನ್ನು ಸೋಲು ಅನ್ನಲಿಲ್ಲ. ತಂಡ ಲೀಗ್ ಗೆದ್ದಿತು, ಅವನಿಗೆ ವಹಿಸಿದ್ದ ಕೆಲಸವೇ ಅಷ್ಟಿತ್ತು.

ಝ್ಲಾಟನ್ ಇಬ್ರಾಹಿಮೋವಿಚ್ 38ನೇ ವಯಸ್ಸಿಗೆ 2020ರ ಜನವರಿಯಲ್ಲಿ ಮಿಲಾನ್‌ಗೆ ಮರಳಿದ್ದು ಆರು ತಿಂಗಳಿಗೆ, ಮುಂದುವರಿಸುವ ಅವಕಾಶ ಇಟ್ಟುಕೊಂಡು. ಮುಂದಿನ ಸೀಸನ್ನಿನಲ್ಲಿ 19 ಲೀಗ್ ಪಂದ್ಯಕ್ಕೆ 15 ಗೋಲು ಹೊಡೆದ, 2022ರಲ್ಲಿ ತಂಡ 11 ವರ್ಷಗಳ ನಂತರ ಲೀಗ್ ಗೆದ್ದಿತು. ಮೊದಲೇ ಮೂರು ವರ್ಷ ಕೊಟ್ಟಿದ್ದರೂ ಇದೇ ಫಲ ಬರಬಹುದಿತ್ತು, ಆದರೆ ಮೊಣಕಾಲು ಮೊದಲ ವರ್ಷವೇ ಕೈಕೊಟ್ಟಿದ್ದರೆ ಕ್ಲಬ್ ಎರಡು ವರ್ಷ ಆಸ್ಪತ್ರೆಯ ಬಿಲ್ ನೋಡುತ್ತಾ ಕೂರಬೇಕಿತ್ತು.

ಮುಂದುವರಿಸುವ ಷರತ್ತನ್ನು ಬರೆಯುವ ರೀತಿ ಮುಖ್ಯ. ‘ಎರಡೂ ಕಡೆ ಒಪ್ಪಿದರೆ’ ಎಂಬ ಸಾಲಿಗೆ ಬೆಲೆಯಿಲ್ಲ, ಅದು ಬರೆಯದಿದ್ದರೂ ಹಾಗೇ. ‘ಲೀಗಿನಲ್ಲಿ 1,300 ನಿಮಿಷ ಆಡಿದರೆ ಇನ್ನೊಂದು ವರ್ಷ ತಾನಾಗಿ ಸೇರುತ್ತದೆ’ ಎಂಬ ಥರದ ಸಾಲು ಇಬ್ಬರಿಗೂ ಸ್ಪಷ್ಟ. ಅದರ ಅಪಾಯವೂ ಗೊತ್ತಿರಲಿ: 1,250 ನಿಮಿಷ ಆದ ಮೇಲೆ ಅವನನ್ನು ಬೆಂಚಿನಲ್ಲಿ ಕೂರಿಸಿದರೆ ಗ್ಯಾಲರಿಗೆ ಕಾರಣ ಅರ್ಥವಾಗುತ್ತದೆ, ಕೋಚ್ ತಲೆ ಮೇಲೆ ಬರುತ್ತದೆ. ಸಂಬಳದಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಖಾಯಂ, ಉಳಿದದ್ದು ಆಡಿದ ನಿಮಿಷಕ್ಕೆ ಮತ್ತು ತಂಡದ ಸ್ಥಾನಕ್ಕೆ ಕಟ್ಟಿ. ಗೋಲಿಗೆ ಬೋನಸ್ ಬೇಡ, ಪಾಸ್ ಕೊಡಬೇಕಾದಲ್ಲಿ ಹೊಡೆಯುತ್ತಾನೆ.

ಲೋನ್

ಅವನು ಇನ್ನೂ ಬೇರೆ ಕ್ಲಬ್ಬಿನ ಒಪ್ಪಂದದಲ್ಲಿದ್ದು, ಅಲ್ಲಿ ಬೆಂಚಿನಲ್ಲಿ ಕೂತಿದ್ದರೆ ಮಾತ್ರ ಇದು ಅರ್ಥಪೂರ್ಣ. ಅಂತರರಾಷ್ಟ್ರೀಯ ಲೋನ್‌ಗೆ ಫಿಫಾ 2022ರ ಜುಲೈ 1ರಿಂದ ಇಟ್ಟ ಗೆರೆ: ಹೆಚ್ಚೆಂದರೆ ಒಂದು ವರ್ಷ, ಕಡಿಮೆಯೆಂದರೆ ಎರಡು ನೋಂದಣಿ ವಿಂಡೋಗಳ ನಡುವಿನ ಅವಧಿ, ಲೋನ್ ಮೇಲೆ ಬಂದವನನ್ನು ಇನ್ನೊಬ್ಬರಿಗೆ ಲೋನ್ ಕೊಡುವಂತಿಲ್ಲ. ದೇಶದೊಳಗಿನ ಲೋನ್‌ಗೆ ಆಯಾ ಫೆಡರೇಷನ್ನಿನ ನಿಯಮ.

ಪತ್ರದಲ್ಲಿ ಮೂರು ಸಾಲು ಮರೆಯಬೇಡಿ. ಸಂಬಳದಲ್ಲಿ ಯಾರ ಪಾಲು ಎಷ್ಟು, ಗಾಯವಾದರೆ ಆ ಪಾಲು ಬದಲಾಗುತ್ತದೆಯೇ? ಸೀಸನ್ ನಡುವೆ ವಾಪಸ್ ಕರೆಸಿಕೊಳ್ಳುವ ಹಕ್ಕು ಮೂಲ ಕ್ಲಬ್ಬಿಗಿದೆಯೇ? ಮೂಲ ಕ್ಲಬ್ ವಿರುದ್ಧದ ಪಂದ್ಯದಲ್ಲಿ ಆಡಬಹುದೇ? ಮೂರನೆಯದನ್ನು ಬರೆಯದೆ ಬಿಟ್ಟು, ಪ್ಲೇಆಫ್‌ನಲ್ಲಿ ಅದೇ ಕ್ಲಬ್ ಎದುರಾದರೆ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುವ ಆಟಗಾರ ನಿಮ್ಮದಾಗುತ್ತಾನೆ. ಲೋನ್‌ನ ದೊಡ್ಡ ಲಾಭ ಒಂದೇ: ಸರಿಹೋಗದಿದ್ದರೆ ಮೇ ತಿಂಗಳಲ್ಲಿ ಯಾರೂ ಯಾರ ಮೇಲೂ ಮುನಿಸಿಕೊಳ್ಳದೆ ಕೈ ಕುಲುಕಬಹುದು.

ಹೊರಗಿನ ಕೆಲಸ, ಅಥವಾ ಹೊಸಬ

ಆಟಗಾರನಿಗೆ ಕೋಚಿಂಗ್ ಲೈಸೆನ್ಸ್ ಇದ್ದರೆ, ಇಲ್ಲವೇ ಓದುತ್ತಿದ್ದರೆ, ವಯೋಮಿತಿ ತಂಡಗಳ ಸಹಾಯಕ ಕೋಚ್ ಕೆಲಸ ಒಳ್ಳೆಯದು. ‘ರಾಯಭಾರಿ’ ಎಂಬ ಹುದ್ದೆ ಮಾತ್ರ ಕೊಡಬೇಡಿ. ಏನು ಮಾಡಬೇಕೆಂದು ಅವನಿಗೂ ಗೊತ್ತಿರುವುದಿಲ್ಲ, ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಹೊಸಬನ ವಿಷಯದಲ್ಲಿ ಹೆಚ್ಚಿನ ಕಮಿಟಿಗಳು ಲೆಕ್ಕ ಹಾಕದೆ ಬಿಡುವುದು ಒಂದಿದೆ: ಹಳೆಯ ಆಟಗಾರ ತೆಗೆದುಕೊಳ್ಳುವ ನಿಮಿಷಗಳು ಯಾರ ಜೇಬಿನಿಂದ ಹೋಗುತ್ತವೆ? 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಸೀಸನ್ನಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 1-0ರಿಂದ ಗೆದ್ದಾಗ ಆ ಗೋಲು ಹೊಡೆದದ್ದು ನಮ್ಮೂರಿನ ಹುಡುಗ, 19ರ ವಿನೀತ್ ವೆಂಕಟೇಶ್. ಅದೇ ಜಾಗಕ್ಕೆ ಆ ಬೇಸಿಗೆಯಲ್ಲಿ ಜನಪ್ರಿಯ ಹಳೆಯ ಹೆಸರೊಂದನ್ನು ಕರೆಸಿದ್ದರೆ ಹುಡುಗನಿಗೆ ಆ ಸಂಜೆ ಬೆಂಚು. ಅಕಾಡೆಮಿಯಲ್ಲಿ 18-20ರ ಆಟಗಾರ ಅದೇ ಜಾಗದಲ್ಲಿ ಸಿದ್ಧವಾಗಿದ್ದರೆ, ನಮ್ಮ ಪ್ರಕಾರ, ಹಳೆಯವನನ್ನು ಕರೆಸಬಾರದು. ತೀರಾ ಬೇಕೆಂದರೆ ಆರು ತಿಂಗಳಿಗೆ, ಹುಡುಗನಿಗೆ ಕಲಿಸುವ ಕೆಲಸವನ್ನು ಬಾಯಿಬಿಟ್ಟು ಹೇಳಿ.

ಸಹಿ ಹಾಕುವ ಮುನ್ನ, ಸಾಲಾಗಿ

ಮೆಡಿಕಲ್ ಮೊದಲು, ಸಹಿ ಆಮೇಲೆ. ‘ಮೆಡಿಕಲ್‌ನಲ್ಲಿ ಪಾಸಾದರೆ ಮಾತ್ರ ಒಪ್ಪಂದ ಜಾರಿ’ ಎಂಬ ಷರತ್ತನ್ನು ಫಿಫಾ ನಿಯಮ ಒಪ್ಪುವುದಿಲ್ಲ. ಸಹಿ ಬಿತ್ತೆಂದರೆ ಎಂಆರ್‌ಐಯಲ್ಲಿ ಏನೇ ಕಂಡರೂ ಸಂಬಳ ಕೊಡಬೇಕು. ಹಳೆಯ ಆಟಗಾರರ ವಿಷಯದಲ್ಲೇ ಈ ತಪ್ಪು ಸಲೀಸಾಗಿ ಆಗುವುದು, ಏಕೆಂದರೆ ‘ನಮ್ಮ ಹುಡುಗನೇ ಅಲ್ವಾ, ಗೊತ್ತಿರೋನು’ ಅನಿಸಿಬಿಡುತ್ತದೆ. ಕ್ಲಬ್ಬಿನಲ್ಲಿರುವ ಹಳೆಯ ಫೈಲ್ ಅವನು ಹೋದ ದಿನಕ್ಕೇ ನಿಂತಿದೆ. ನಂತರದ ಸ್ಕ್ಯಾನ್‌ಗಳನ್ನು ಅವನ ಒಪ್ಪಿಗೆಯೊಂದಿಗೆ ಈಗಿನ ಕ್ಲಬ್ಬಿನಿಂದ ತರಿಸಿ.

ನಂತರ ನೋಂದಣಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಆಟಗಾರರ ನೋಂದಣಿ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ಅವನ ಹೆಸರು ಯಾವ ಕ್ಲಬ್ಬಿನಡಿ ಇದೆ, ಒಪ್ಪಂದ ಯಾವ ದಿನಕ್ಕೆ ಮುಗಿಯುತ್ತದೆ ನೋಡಿ. ಕೊನೆಯ ಆರು ತಿಂಗಳಲ್ಲಿದ್ದರೆ ಅವನ ಜತೆ ನೇರ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು, ಆದರೆ ಮಾತುಕತೆಗೆ ಮುನ್ನ ಈಗಿನ ಕ್ಲಬ್ಬಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಒಂದು ಸೀಸನ್ನಿನಲ್ಲಿ ಮೂರು ಕ್ಲಬ್ಬಿಗೆ ನೋಂದಾಯಿಸಬಹುದಾದರೂ ಸಾಮಾನ್ಯವಾಗಿ ಎರಡರ ಪರ ಮಾತ್ರ ಅಧಿಕೃತ ಪಂದ್ಯ ಆಡಬಹುದು. ಜನವರಿಯಲ್ಲಿ ಕರೆಸುವವರು ಇದನ್ನು ನೋಡದೆ ದುಡುಕುತ್ತಾರೆ. ವಿದೇಶದಿಂದ ಬರುವವನಾದರೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು. ವಿಂಡೋ ಮುಚ್ಚುವ ಮುನ್ನವೇ ಒಪ್ಪಂದ ಮುಗಿದಿದ್ದವನನ್ನು ವಿಂಡೋ ಮುಚ್ಚಿದ ಮೇಲೂ ನೋಂದಾಯಿಸಲು ಫಿಫಾ ಅವಕಾಶ ಇಟ್ಟಿದೆ, ಆದರೂ ಲೀಗಿನ ತಂಡಪಟ್ಟಿ ಮುಚ್ಚುವ ದಿನ ಬೇರೆಯೇ ಇರಬಹುದು. ಡ್ಯಾನಿ ಆಲ್ವೆಸ್ 2021ರ ನವೆಂಬರ್‌ನಲ್ಲಿ ಬಾರ್ಸಿಲೋನಾಗೆ ಮರಳಿದರೂ ಪಂದ್ಯ ಆಡಲು ಜನವರಿವರೆಗೆ ಕಾಯಬೇಕಾಯಿತು.

2025ರಲ್ಲಿ ಐಎಸ್‌ಎಲ್ ಎಂದಿನ ಸಮಯಕ್ಕೆ ಶುರುವಾಗದೆ ಹೋದದ್ದು ಎಲ್ಲರಿಗೂ ನೆನಪಿದೆ. ಲೀಗ್ ತಡವಾದರೆ, ಪಂದ್ಯ ಕಡಿಮೆಯಾದರೆ ಸಂಬಳ ಹೇಗೆ ಎಂಬ ಸಾಲು ಈಗ ಪ್ರತಿ ಒಪ್ಪಂದದಲ್ಲೂ ಇರಬೇಕು. ನಿಮಿಷಕ್ಕೆ ಕಟ್ಟಿದ ಷರತ್ತುಗಳನ್ನು ಶೇಕಡಾವಾರಿನಲ್ಲಿ ಬರೆಯುವುದು ಇದಕ್ಕೇ: 1,300 ನಿಮಿಷ ಎನ್ನುವ ಬದಲು ‘ತಂಡ ಆಡಿದ ಲೀಗ್ ನಿಮಿಷಗಳಲ್ಲಿ ನೂರಕ್ಕೆ 60’.

ಸೂಪರ್ ಡಿವಿಷನ್ ಕ್ಲಬ್ಬುಗಳಿಗೆ ಈ ಕಾಗದಪತ್ರದ ಜಂಜಾಟ ಕಡಿಮೆ, ತಲೆನೋವು ಬೇರೆ. ಹಳೆಯ ಆಟಗಾರನಿಗೆ ಈಗ ನೌಕರಿ ಇರುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವನು ಮಧ್ಯಾಹ್ನದ ಪಂದ್ಯಕ್ಕೆ ಅಶೋಕನಗರಕ್ಕೆ ಹೇಗೆ ಬರುತ್ತಾನೆ? ವಾರಕ್ಕೆ ಎಷ್ಟು ದಿನ ಪ್ರಾಕ್ಟೀಸ್‌ಗೆ ಸಿಗುತ್ತಾನೆ? ಕಂಪನಿ ಅಥವಾ ಇಲಾಖೆಯ ತಂಡಕ್ಕೆ ಆಡುವ ಬಾಧ್ಯತೆ ಇದೆಯೇ? ನಾಲ್ಕು ದಿನ ಪ್ರಾಕ್ಟೀಸ್‌ಗೆ ಬಂದ ಹುಡುಗನನ್ನು ಹೊರಗಿಟ್ಟು, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿ ಅರ್ಧ ಗಂಟೆ ತಡವಾಗಿ ಬಂದವನನ್ನು ಇಳಿಸಿದರೆ ಮುಂದಿನ ವಾರ ಪ್ರಾಕ್ಟೀಸ್‌ಗೆ ಒಂಬತ್ತೇ ಜನ.

ಡ್ರೆಸ್ಸಿಂಗ್ ರೂಮ್

ಅವನು ಬಿಟ್ಟುಹೋದ ತಂಡ ಈಗಿಲ್ಲ. ಆಗಿನ ಜೊತೆಗಾರರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಣಿಸಿ. ಮೂವರಿಗಿಂತ ಕಡಿಮೆಯಾದರೆ ಅವನು ಬರುವುದು ಹೊಸ ಕ್ಲಬ್ಬಿಗೇ, ಬಣ್ಣ ಮಾತ್ರ ಹಳೆಯದು. ಈಗಿನ ನಾಯಕನ ಜತೆ, ಆ ಜಾಗದಲ್ಲಿ ಈಗ ಆಡುತ್ತಿರುವವನ ಜತೆ ಕೋಚ್ ಮೊದಲೇ ಮಾತಾಡಬೇಕು, ಅವರು ಪತ್ರಿಕೆಯಲ್ಲಿ ಓದಬಾರದು. ಜೆರ್ಸಿ ಸಂಖ್ಯೆ ಚಿಕ್ಕ ವಿಷಯ ಅನಿಸುತ್ತದೆ, ಅಲ್ಲ. ರೊನಾಲ್ಡೊ ಬಂದಾಗ 7 ತೊಟ್ಟಿದ್ದ ಕವಾನಿ 21ಕ್ಕೆ ಬದಲಾಯಿಸಿಕೊಂಡ, ಅದಕ್ಕೆ ಪ್ರೀಮಿಯರ್ ಲೀಗಿನ ವಿಶೇಷ ಅನುಮತಿಯೇ ಬೇಕಾಯಿತು. ನಿಮ್ಮಲ್ಲಿ ಆ ಸಂಖ್ಯೆ 20ರ ಹುಡುಗನ ಬೆನ್ನ ಮೇಲಿದ್ದರೆ ಅಲ್ಲೇ ಬಿಡಿ.

ಕೋಚ್ ಬದಲಾದರೆ ಏನು ಎಂಬುದನ್ನೂ ಕೇಳಿಕೊಳ್ಳಿ. ರೊನಾಲ್ಡೊನನ್ನು ಕರೆಸಿದ ಸೋಲ್ಶಾರ್ ನಾಲ್ಕು ತಿಂಗಳೊಳಗೆ ಮನೆಗೆ ಹೋದರು, ಮೂರನೇ ಕೋಚ್ ಟೆನ್ ಹಾಗ್ ಕಾಲಕ್ಕೆ, 2022ರ ನವೆಂಬರ್‌ನಲ್ಲಿ, ಒಪ್ಪಂದವನ್ನೇ ಮುರಿಯಬೇಕಾಯಿತು. ಹಳೆಯ ಹೀರೋನನ್ನು ಬೇಡ ಎನ್ನುವ ಹೊಸ ಕೋಚ್‌ಗೆ ಮೊದಲ ಪಂದ್ಯದಲ್ಲೇ ಗ್ಯಾಲರಿ ಎದುರಾಳಿ.

ಎಲ್ಲ ನೋಡಿದ ಮೇಲೆ ಬೇಡ ಎಂದಾದರೆ ಆ ಮಾತನ್ನು ಏಜೆಂಟ್ ಮೂಲಕ ಹೇಳಿಸಬೇಡಿ. ಕೋಚ್ ಅಥವಾ ಕ್ಲಬ್ ಕಾರ್ಯದರ್ಶಿ ನೇರ ಫೋನ್ ಮಾಡಿ, ಯಾವ ಜಾಗಕ್ಕೆ ಯಾರನ್ನು ಏಕೆ ನೋಡುತ್ತಿದ್ದೇವೆ ಎಂದು ಹೇಳಲಿ. ‘ಮುಂದಿನ ವರ್ಷ ನೋಡೋಣ’ ಎಂದು ಬಾಯಿಮಾತಿಗೂ ಸೇರಿಸಬಾರದು. ಅವನು ಅದನ್ನು ನಂಬಿ ಬೇರೆ ಕ್ಲಬ್ಬಿನ ಒಪ್ಪಂದಕ್ಕೆ ಬೇಡ ಅನ್ನಬಹುದು. ವಿದಾಯ ಪಂದ್ಯದ ಮಾತು ಎತ್ತುವುದಾದರೆ ತಾರೀಖು, ಮೈದಾನ, ಖರ್ಚು ಯಾರದು ಎಂಬ ಮೂರೂ ಕೈಯಲ್ಲಿರುವಾಗ ಎತ್ತಿ.